ಶ್ರುತಿಯೂ ನಾದಗುಣವೂ

ನಮ್ಮ ಸಂಗೀತವಿಮರ್ಶೆಯಲ್ಲಿ ಶ್ರುತಿಶುದ್ಧಿಯನ್ನೂ ನಾದಮಾಧುರ್ಯವನ್ನೂ ಒಂದೆಂದೇ ಬಗೆದು ಬರೆಯುವ ರೂಢಿಯುಂಟು. ಅವೆರಡೂ ಬೇರೆಯೆಂಬುದಕ್ಕೆ ತಂಬೂರಿಯೇ ಸಾಕ್ಷಿ. ಅದರ ಖರಜದ ತಂತಿಯು ಸೆಕೆಂಡಿಗೆ 70 ಸಲ ಕಂಪಿಸುವುದೆನ್ನೋಣ. ಆ ಮೂಲಸ್ವರದೊಡನೆ 140, 210, 280, 350 ಕಂಪನಗಳ ಸ್ವಯಂಭೂ ಸ್ವರಗಳೂ ಹುಟ್ಟುತ್ತವೆ. ಇವುಗಳಲ್ಲಿ 350ರದೇ, ಯಾರೂ ಮೀಟದೆ ಕೇಳಿಬರುವ ಗಾಂಧಾರ. ಬಾಗಿದ ಕುದುರೆಯೂ ಜೀವಾಳದ ನೂಲೆಳೆಯೂ ಈ ಸ್ವರಗಳನ್ನು ಪುಷ್ಟಿಗೊಳಿಸುವ ಬಗೆಯನ್ನು ಸಿ. ವಿ. ರಾಮನ್ನರು 1921ರಲ್ಲಿ ವಿವೇಚಿಸಿದರು.

ಪುಣೆಯ ಮಾರ್ಕೆಟ್ ಯಾರ್ಡಿನ ಮಳಿಗೆಯೊಂದರಲ್ಲಿ ಕುಳಿತು, ಮೊಬೈಲಿನ ಪುಟ್ಟ ಧ್ವನಿವರ್ಧಕದಿಂದ ಇದೇ ತಂಬೂರಿಯನ್ನು ಕೇಳುವವನಿಗೆ ಆ ಮೂಲಸ್ವರವು ತಲುಪುವುದೇ ಇಲ್ಲವೆನ್ನಬಹುದು. ಆದರೂ ಶ್ರುತಿ ಬದಲಾದಂತೆ ತೋರದು. ಮೇಲಣ ಸ್ವರಗಳೆಲ್ಲ 70ರ ಗುಣಕಗಳಾಗಿರುವ ಕ್ರಮವನ್ನು ಹಿಡಿದು ಕಿವಿಯು ಆ ಷಡ್ಜವನ್ನು ತಾನೇ ಕಟ್ಟಿಕೊಳ್ಳುತ್ತದೆ. ಕಳೆದುಹೋಗುವುದು ನಾದದ ತುಂಬುತನ.

ವಿಮರ್ಶಕನಿಗೆ ಇದರಿಂದೊಂದು ಹೊಣೆ ಒದಗುತ್ತದೆ. 1952ರಲ್ಲಿ ತೀರಿಕೊಂಡ ಕುಂದಗೋಳದ ಸವಾಯಿ ಗಂಧರ್ವರ ಕಂಠವನ್ನು ನಾವಿಂದು ಅರಿಯುವುದು ಹೆಚ್ಚಾಗಿ ಹಳೆಯ ಗ್ರಾಮಫೋನ್ ತಟ್ಟೆಗಳಿಂದ. ಉಪಸ್ವರಗಳಲ್ಲಿ ಹಲವನ್ನು ಅಂದಿನ ಯಂತ್ರವು ಹಿಡಿಯಲಾರದಾಗಿತ್ತು. ಆ ತಟ್ಟೆಗಳಿಂದ ಅವರ ಸ್ವರಸ್ಥಾನಗಳ ನಿಖರತೆಯನ್ನು ಪರೀಕ್ಷಿಸಬಹುದು. ಕಂಠವು ತೆಳುವೆಂದು ತೀರ್ಪಿಡುವುದು ಮಾತ್ರ ಯಂತ್ರದ ಕೊರತೆಯನ್ನು ಗಾಯಕನ ಮೇಲೆ ಹೊರಿಸಿದಂತೆ.