ಗೊಗಾಂನನ್ನು ಏನು ಕೇಳಬೇಕು?



ಪಾಶ್ಚಾತ್ಯ ಚಿತ್ರಕಾರರೊಡನೆ ಕಾಲ್ಪನಿಕ ಮಾತುಕತೆ ನಡೆಸುವ ಬರಹಗಳಿಗೆ ಬರವಿಲ್ಲ. ಹೆಚ್ಚಿನವುಗಳ ಧಾಟಿ ಒಂದೇ. ವ್ಯಾನ್ ಗೋ ಬರುತ್ತಾನೆ, ಕಿವಿಯ ಕಥೆ ಹೇಳುತ್ತಾನೆ, ಲೇಖಕನಿಗೆ ಬೇಕಾದ ನಾಲ್ಕು ಮಾತಾಡಿ ಎದ್ದು ಹೋಗುತ್ತಾನೆ. ಅವನ 800ಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಬಣ್ಣದ ಖರ್ಚು, ಬಾಡಿಗೆ, ತಮ್ಮ ಥಿಯೋ ಕಳಿಸುತ್ತಿದ್ದ ಹಣ ಎಲ್ಲವೂ ಅಲ್ಲಿವೆ. ಆ ಲೆಕ್ಕವನ್ನೇ ಕೇಳದವನು ವ್ಯಾನ್ ಗೋನೊಡನೆ ಮಾತಾಡಲಿಲ್ಲ, ಕನ್ನಡಿಯೊಡನೆ ಮಾತಾಡಿದ.

ಈ ಪ್ರಕಾರಕ್ಕೆ ಇಂಗ್ಲಿಷಿನ ಲ್ಯಾಂಡರನನ್ನು ನೆನೆಯುವುದು ವಾಡಿಕೆ. ನಮ್ಮಲ್ಲಿ 15ನೆಯ ಶತಮಾನದಲ್ಲೇ ಶೂನ್ಯಸಂಪಾದನೆ ಇತ್ತು. 12ನೆಯ ಶತಮಾನದ ಶರಣರನ್ನು ಅದು ಎದುರುಬದುರು ಕೂರಿಸಿತು. ಆಡಿಸಿದ್ದು ಮಾತ್ರ ಬಹುಮಟ್ಟಿಗೆ ಅವರವರ ವಚನಗಳನ್ನೇ. ಪ್ರಶ್ನೆಗಳೂ ಮೆದುವಾಗಿಲ್ಲ. ಅಲ್ಲಿನ ಅಲ್ಲಮ ಅಕ್ಕಮಹಾದೇವಿಯನ್ನೂ ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಇದ್ದ ಮಾತನ್ನು ಓದುವುದು, ಕಷ್ಟದ ಪ್ರಶ್ನೆ ಕೇಳುವುದು: ಇವೆರಡೇ ಅಳತೆ ಸಾಕು.

ಮಾತಿಲ್ಲದೆ ಕುಂಚದಲ್ಲೇ ಇಂಥ ಸಂವಾದ ನಡೆಸಿದವರು ಕೆ. ಕೆ. ಹೆಬ್ಬಾರರು. ಅವರು ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ್ದು 1911ರಲ್ಲಿ. ಪಾಲ್ ಗೊಗಾಂ 1903ರಲ್ಲೇ ತೀರಿಹೋಗಿದ್ದ. ಆದರೂ ಹೆಬ್ಬಾರರ ಕೇರಳದ ಚಿತ್ರಗಳಲ್ಲಿ ಅವನ ದಟ್ಟ, ಚಪ್ಪಟೆ ಬಣ್ಣಗಳು ಕಾಣುತ್ತವೆ. ಅಮೃತಾ ಶೇರ್‌ಗಿಲ್ ಕೂಡ ಅಲ್ಲಿದ್ದಾರೆ. 1949ರಲ್ಲಿ ಪ್ಯಾರಿಸ್ಸಿಗೆ ಹೋಗಿ ಕಲಿತು ಬಂದ ಮೇಲೂ ಹೆಬ್ಬಾರರು ಶಿಷ್ಯರಾಗಿಯೇ ಉಳಿಯಲಿಲ್ಲ. ಲಯ ತಿಳಿಯಲೆಂದು ಕಥಕ್ ಕಲಿತರು. ಕುಣಿಯುವವರನ್ನು ಎತ್ತಿ ಹಿಡಿಯುವ ಅವರ ಗೆರೆ ಗೊಗಾಂನಿಗೆ ಕೊಟ್ಟ ಉತ್ತರದಂತಿದೆ: ನಿನ್ನ ಬಣ್ಣ ಪಡೆದೆ, ನಡಿಗೆ ನನ್ನದೇ.

ಬರಹಗಾರರಿಗೆ ಉಳಿದಿರುವ ಪ್ರಶ್ನೆ ಬೇರೆ. ಗೊಗಾಂ 1891ರಲ್ಲಿ, ಹೆಂಡತಿ ಮಕ್ಕಳನ್ನು ಯುರೋಪಿನಲ್ಲೇ ಬಿಟ್ಟು, ಫ್ರೆಂಚರ ವಸಾಹತಾಗಿದ್ದ ತಾಹಿತಿಗೆ ಹೋದ. ಅಲ್ಲಿ ಸಂಗಾತಿ ಮಾಡಿಕೊಂಡ ತೆಹಾಮನಾಗೆ ಹದಿಮೂರರ ಆಸುಪಾಸಿನ ಪ್ರಾಯ. ಹಾಗೆಂದು ಅವನೇ ಬರೆದುಕೊಂಡಿದ್ದಾನೆ. ಅವಳ ಮುಖ ಇಂದು ಮ್ಯೂಸಿಯಂ ಗೋಡೆಯ ಮೇಲಿದೆ. ಅವಳದೇ ಮಾತು ಒಂದೂ ಬರಹದಲ್ಲಿ ಉಳಿದಿಲ್ಲ. ಬಣ್ಣದ ಗುಟ್ಟು ಆಮೇಲೆ ಇರಲಿ. "ಅವಳು ನಿನ್ನ ಬಗ್ಗೆ ಏನನ್ನುತ್ತಿದ್ದಳು?" ಎಂದು ಮೊದಲು ಕೇಳಬೇಕು. ಅವನು ತಡವರಿಸಿದರೆ ಆ ತಡವರಿಕೆಯನ್ನೇ ಬರೆಯಬೇಕು. ಅವಳ ಪರವಾಗಿ ಚೆಂದದ ಉತ್ತರ ಹೊಸೆದರೆ ಅದು ಇನ್ನೊಂದು ಕಸಿಯುವಿಕೆ. ಚಿತ್ರಗಳು ಸುಂದರವೆಂಬುದೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ಹೊರಬೇಕು.

ದೂರದ ತಾಹಿತಿಯ ಮಾತು ದೇರಾದಲ್ಲಿ ಏಕೆ ಎನ್ನಬೇಡಿ. ಖೋರ್ ದಂಡೆ, ದೋವ್‌ಗಳು, ಮೂಟೆ ಹೊರುವ ಮಂದಿ ನಮ್ಮ ಕವಿತೆಗಳಲ್ಲೂ ಬರುತ್ತಾರೆ; ಬೆವರು ಹೊಳೆಯುತ್ತದೆ, ಸೂರ್ಯ ಮುಳುಗುತ್ತಾನೆ. ಆ ಮಂದಿಯಲ್ಲಿ ಒಬ್ಬನನ್ನಾದರೂ ನಿನ್ನ ಊರು ಯಾವುದೆಂದು ಕೇಳಿ ಬರೆದ ಕವಿತೆ ಎಷ್ಟಿದೆ? ಸತ್ತ ಕಲಾವಿದನೊಡನೆ ಮಾತಾಡಲು ಕಲ್ಪನೆ ಬೇಕು. ಇವರೊಡನೆ ಮಾತಾಡಲು ಅದೂ ಬೇಡ.