ಮರ, ಲೇಪ, ಬಣ್ಣ: ಮೈಸೂರು ಸೀಮೆಯ ಚಿತ್ರಿತ ದಾರುಕಲೆ ಮತ್ತು ಒಟ್ಟೋಮನ್ ಹೋಲಿಕೆಯ ಪ್ರಶ್ನೆ

ಮೈಸೂರಿನ ದಾರುಕಲೆಯನ್ನು ಕುರಿತ ಚರ್ಚೆಯಲ್ಲಿ ಬೀಟೆಮರದ ಇನ್‌ಲೇ ಕೆಲಸಕ್ಕೆ ಸಂದಿರುವ ಗೌರವ ಬಣ್ಣ ಬಳಿದ ಮರಕ್ಕೆ ಸಂದಿಲ್ಲ. ಮರದಲ್ಲಿ ದಂತವನ್ನು ಕೂರಿಸಿದ ಬಾಗಿಲು, ಮೇಜು, ಪೆಟ್ಟಿಗೆಗಳು ಅರಮನೆಯಲ್ಲಿಯೂ ಸಂಗ್ರಹಾಲಯಗಳಲ್ಲಿಯೂ ಉಳಿದು ಬಂದಿವೆ; ಚಿತ್ರಿತ ಮರ ಹಾಗೆ ಉಳಿದಿಲ್ಲ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದುದು ಇದಕ್ಕೆ ದೊಡ್ಡ ಕಾರಣ. ಹೆನ್ರಿ ಇರ್ವಿನ್ ಯೋಜಿಸಿದ, 1912ರಲ್ಲಿ ಪೂರ್ಣಗೊಂಡ ಈಗಿನ ಅರಮನೆಯ ಕಲ್ಯಾಣ ಮಂಟಪದಲ್ಲಿ ಮರ ಹೊರಬೇಕಾಗಿದ್ದ ಭಾರವನ್ನು ಎರಕದ ಕಬ್ಬಿಣದ ಕಂಬಗಳು ಹೊತ್ತವು, ಬಣ್ಣವು ಮೇಲಿನ ಗಾಜಿಗೆ ಹೋಯಿತು. ಆದುದರಿಂದ ಮೈಸೂರು ಸೀಮೆಯ ಚಿತ್ರಿತ ಮರವನ್ನು ಅಭ್ಯಸಿಸಬೇಕೆಂದರೆ ನಗರದಿಂದ ಹೊರಟು ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ಗೆ ಹೋಗಬೇಕಾಗುತ್ತದೆ.

1784ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಈ ಬೇಸಗೆಯ ಅರಮನೆ ಬಹುಪಾಲು ತೇಗದ ಮರದ್ದು. ಗೋಡೆ, ಕಮಾನು, ಮಾಳಿಗೆ ಎನ್ನದೆ ಒಂದು ಗೇಣೂ ಬಿಡದೆ ಬಣ್ಣ ತುಂಬಿರುವುದು ಇದರ ವೈಶಿಷ್ಟ್ಯ. ಪಶ್ಚಿಮದ ಗೋಡೆಯ ಪೊಲ್ಲಿಲೂರು ಯುದ್ಧಚಿತ್ರದ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಅದರ ಸುತ್ತಲಿನ ಹೂಬಳ್ಳಿಗಳನ್ನು ಮಾತ್ರ ‘ಇಸ್ಲಾಮೀ ಶೈಲಿ’ ಎಂದೋ ‘ಪಾರಸಿ ಪ್ರಭಾವ’ ಎಂದೋ ಒಂದು ಮಾತಿನಲ್ಲಿ ಮುಗಿಸುವುದು ವಾಡಿಕೆ. ಒಟ್ಟೋಮನ್ ಚಿತ್ರಿತ ಮರದೊಡನೆ ಹೋಲಿಸಿ ನೋಡಿದಾಗ ಈ ವಾಡಿಕೆಯ ದೌರ್ಬಲ್ಯ ಸ್ಪಷ್ಟವಾಗುತ್ತದೆ.

ಒಟ್ಟೋಮನ್ ಮನೆಯಲ್ಲಿ ಬಿಡಿ ಪೀಠೋಪಕರಣ ಕಡಿಮೆ. ಗೋಡೆಯ ಉದ್ದಕ್ಕೂ ತಗ್ಗಾದ ಆಸನ, ಗೋಡೆಯೊಳಗೇ ಅಡಗಿದ ಕಪಾಟು, ರುಮಾಲು ಇಡುವ ಗೂಡು, ಕುರಾನಿನ ಪೀಠ, ಬಟ್ಟೆಯ ಪೆಟ್ಟಿಗೆ, ಇಷ್ಟೇ ಅಲ್ಲಿನ ಸಾಮಗ್ರಿ. ಕಪಾಟಿನ ಬಾಗಿಲೇ ಚಿತ್ರಫಲಕ. ಈ ಬಗೆಯ ಹೂವಿನ ಚಿತ್ರಣಕ್ಕೆ ಎದಿರ್ನೆ ನಗರದ ಹೆಸರಿನಿಂದ ‘ಎದಿರ್ನೆಕಾರಿ’ ಎಂಬ ಹೆಸರು ಬಂದಿದೆ; ನಮ್ಮ ‘ಮೀನಾಕಾರಿ’ಯ ಕೊನೆಯಲ್ಲಿರುವುದೂ ಇದೇ ಪಾರಸಿ ಪ್ರತ್ಯಯ. ಬರ್ಲಿನ್ನಿನ ಪೆರ್ಗಮಾನ್ ಸಂಗ್ರಹಾಲಯದಲ್ಲಿರುವ ಅಲೆಪ್ಪೊ ಕೋಣೆಯನ್ನು 17ನೆಯ ಶತಮಾನದ ಆರಂಭದಲ್ಲಿ ಮಾಡಿಸಿದವನು ಈಸಾ ಬಿನ್ ಬುತ್ರುಸ್ ಎಂಬ ಕ್ರೈಸ್ತ ವರ್ತಕ. ಅದರ ಹಲಗೆಗಳಲ್ಲಿ ಬೈಬಲಿನ ಪ್ರಸಂಗಗಳೂ ಲೈಲಾ ಮಜ್ನೂನರೂ ಒಂದೇ ಹೂಬಳ್ಳಿಯ ನಡುವೆ ಕುಳಿತಿದ್ದಾರೆ. ‘ಇಸ್ಲಾಮೀ ಶೈಲಿ’ ಎಂಬ ಪದ ಈ ಒಂದು ಕೋಣೆಗೂ ಸಾಲದು.

ಇನ್ನು ಪ್ರಭಾವದ ಮಾತು. ಸಂದೂಕ, ಕುರ್ಚಿ, ಮೇಜು ಎಂಬ ಕನ್ನಡದ ಮನೆಮಾತುಗಳು ಅರಬ್ಬಿ ಪಾರಸಿ ಮೂಲದವು; ತುರ್ಕಿಯವರು ಪೆಟ್ಟಿಗೆಗೆ ‘ಸಂದಿಕ್’ ಎನ್ನುತ್ತಾರೆ. ಹೆಸರು ಬಂದ ದಾರಿಯಲ್ಲೇ ಬಣ್ಣದ ಕೆಲಸವೂ ಬಂದಿರಬೇಕೆಂಬ ಊಹೆ ಸಹಜ. ಟಿಪ್ಪುವು ಒಟ್ಟೋಮನ್ ಸುಲ್ತಾನನ ಬಳಿಗೆ ಗುಲಾಂ ಅಲಿ ಖಾನನ ನೇತೃತ್ವದಲ್ಲಿ ರಾಯಭಾರಿಗಳನ್ನು ಕಳುಹಿಸಿದ್ದೂ ಈ ಊಹೆಗೆ ಬಲ ಕೊಡುವಂತಿದೆ. ಆದರೆ ಆ ನಿಯೋಗ ಹಡಗೇರಿದ್ದು 1786ರಲ್ಲಿ, ಇಸ್ತಾಂಬುಲ್ ಮುಟ್ಟಿದ್ದು 1787ರಲ್ಲಿ. ದರಿಯಾ ದೌಲತ್ ಅದಕ್ಕೆ ಮೊದಲೇ ನಿಂತಿತ್ತು. ಕಟ್ಟಡದ ಕಾಲವೇ ಬಣ್ಣದ ಕಾಲವೆಂದು ಹೇಳಲಾಗದು ಎಂಬ ಆಕ್ಷೇಪಕ್ಕೆ ಅವಕಾಶವಿದೆ. ಅದನ್ನು ಮುಂದೆ ನೋಡಬಹುದು. ಪ್ರಭಾವವನ್ನು ಹೇಳುವವರು ದಾರಿಯನ್ನು ತೋರಿಸಬೇಕು, ಹೂದಾನಿಯ ಹೋಲಿಕೆಯೊಂದೇ ಸಾಲದು. ಸ್ವಾರಸ್ಯವೆಂದರೆ ಡಮಾಸ್ಕಸ್ಸಿನವರು ತಮ್ಮ ಚಿತ್ರಿತ ಮರದ ಕೆಲಸವನ್ನೇ ‘ಅಜಮಿ’, ಎಂದರೆ ಅರಬ್ಬೇತರ, ಪಾರಸಿ ಎಂದು ಕರೆಯುತ್ತಾರೆ. ಮನೆಯ ಕಸುಬಿಗೆ ದೂರದ ಹೆಸರಿಡುವ ಅಭ್ಯಾಸ ಮೈಸೂರಿನದು ಮಾತ್ರವಲ್ಲ.

ನಿಜವಾದ ಹೋಲಿಕೆ ಇರುವುದು ಚಿತ್ರದ ಅಡಿಯಲ್ಲಿ. ಮರ ತೇವಕ್ಕೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಬಣ್ಣವನ್ನು ನೇರವಾಗಿ ಹಚ್ಚಿದರೆ ಬಿರುಕು ಬಿಡುತ್ತದೆ. ಆದ್ದರಿಂದ ಎಲ್ಲ ಕಡೆಯೂ ನಡುವೆ ಒಂದು ಲೇಪ ಬೇಕು. ಡಮಾಸ್ಕಸ್ಸಿನ ಕುಶಲಕರ್ಮಿ ಜಿಪ್ಸಮ್ಮಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಹೂವನ್ನು ಉಬ್ಬಾಗಿ ಎಬ್ಬಿಸಿ, ಮೇಲೆ ಚಿನ್ನದ ಅಥವಾ ತವರದ ರೇಕು ಹಚ್ಚಿ, ತವರದ ಮೇಲೆ ಪಾರದರ್ಶಕವಾದ ಬಣ್ಣದ ಮೆರುಗು ಕೊಡುತ್ತಾನೆ. ಮೈಸೂರು ಸಂಪ್ರದಾಯದ ಚಿತ್ರಕಾರನು ಸಫೇದದ ಪುಡಿ, ಹಳದಿ ಮರದರಾಳ, ಅಂಟು ಸೇರಿಸಿದ ‘ಮಕ್ಕಿ ಸಫೇದ’ದಿಂದ ಆಭರಣ, ಮಂಟಪ, ಸೀರೆಯಂಚುಗಳನ್ನು ಎತ್ತಿ ಚಿನ್ನದ ರೇಕು ಕೂರಿಸುತ್ತಾನೆ. ವಿಧಾನ ಒಂದೇ, ದೃಷ್ಟಿ ಬೇರೆ. ಡಮಾಸ್ಕಸ್ಸಿನ ಉಬ್ಬು ನೆರಳು ಬೀಳುವಷ್ಟು ಎತ್ತರ, ಏಕೆಂದರೆ ಅದು ಕೋಣೆಯ ಆಚೆ ಬದಿಯಲ್ಲಿ ಕುಳಿತವನಿಗೆ ಕಾಣಬೇಕು. ಮೈಸೂರಿನದು ತೆಳುವು, ತಂಜಾವೂರಿನ ದಪ್ಪ ಲೇಪ, ಗಾಜಿನ ಹರಳುಗಳಿಂದಲೂ ಅದು ದೂರ ನಿಲ್ಲುತ್ತದೆ. ಹತ್ತಿರದಿಂದ, ದೀಪದ ಬೆಳಕಿನಲ್ಲಿ ನೋಡುವ ಕಣ್ಣಿಗಾಗಿ ಮಾಡಿದ ಕೆಲಸವಿದು. ಈ ಸಂಯಮವನ್ನು ಕೆಲವರು ಕೊರತೆಯೆಂದು ಬಗೆದಿರುವುದು ಸರಿಯಲ್ಲ.

ಹೋಲಿಕೆಯಿಂದ ಏಳುವ ಕಠಿಣ ಪ್ರಶ್ನೆ ಇನ್ನೊಂದು: ಈಗ ಕಾಣುವುದು ಯಾರ ಬಣ್ಣ? ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ 1707ರ ಡಮಾಸ್ಕಸ್ ಕೋಣೆಯಿದೆ. ಅದರ ಕಂದು ಗಾಂಭೀರ್ಯವನ್ನು ಬಹುಕಾಲ ಮೆಚ್ಚಿಕೊಳ್ಳಲಾಗಿತ್ತು. 2011ರ ಮರುಸ್ಥಾಪನೆಗೆ ಮುನ್ನ ನಡೆದ ಪರೀಕ್ಷೆಗಳಲ್ಲಿ, ಕಪ್ಪಾದ ವಾರ್ನಿಷಿನ ಪದರಗಳ ಕೆಳಗೆ ಉಜ್ವಲವಾದ ಮೂಲವರ್ಣಗಳಿರುವುದು ಕಂಡುಬಂದಿತು. ದರಿಯಾ ದೌಲತ್‌ನ ಸ್ಥಿತಿ ಇದಕ್ಕಿಂತ ಜಟಿಲ. 1799ರ ನಂತರ ಅಲ್ಲಿ ವಾಸಿಸಿದ ಆರ್ಥರ್ ವೆಲ್ಲೆಸ್ಲಿಯ ಕಾಲದಲ್ಲಿ ಚಿತ್ರಗಳ ದುರಸ್ತಿಯಾಯಿತು; ಅನಂತರ ಹಾಳಾದವನ್ನು 1850ರ ದಶಕದಲ್ಲಿ ಡಾಲ್‌ಹೌಸಿಯ ಆಜ್ಞೆಯಂತೆ ಮತ್ತೆ ಬರೆಸಲಾಯಿತು. ಹಾಗಾದರೆ ಟಿಪ್ಪುವಿನ ಕಾಲದ ವರ್ಣಯೋಜನೆಯೆಂದು ವಿಮರ್ಶಕರು ಹೊಗಳಿರುವ ಕೆಂಪು ಹಸಿರುಗಳಲ್ಲಿ ಎಷ್ಟು ಪಾಲು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕುಂಚದ್ದು? ಮುಮ್ಮಡಿಯವರು ಚಿತ್ರಕಾರರಿಗೆ ಆಶ್ರಯ ಕೊಟ್ಟಿದ್ದ, 1861ರಲ್ಲಿ ಜಗನ್ಮೋಹನ ಅರಮನೆ ಎದ್ದ ಕಾಲವದು. ಜಗನ್ಮೋಹನದ ರಂಗಮಹಲಿನ ಭಿತ್ತಿಗಳನ್ನೂ ದರಿಯಾ ದೌಲತ್‌ನ ಹೂಬಳ್ಳಿಗಳನ್ನೂ ಎರಡು ಯುಗಗಳ ಕೃತಿಗಳೆಂದು ಬೇರ್ಪಡಿಸಿ ಓದುವ ಪದ್ಧತಿ ಈ ದೃಷ್ಟಿಯಿಂದ ಪುನರ್ವಿಮರ್ಶೆಗೆ ಅರ್ಹ.

ವಿವರಣ ಫಲಕಗಳು ಕಟ್ಟಡದ ವರ್ಷವನ್ನು ಕೊಟ್ಟು ಬಣ್ಣದ ವರ್ಷವನ್ನು ಕೊಡದೆ ಬಿಡುವುದು ಸಣ್ಣ ಲೋಪವಲ್ಲ. ಮೇಲೆ ಹೇಳಿದ ಪ್ರಭಾವದ ವಾದಗಳೆಲ್ಲ ಹುಟ್ಟುವುದು ಅಲ್ಲಿಂದಲೇ. ಕುಂಚ ಹೋಗಲಾರದ ಎಡೆಗಳಲ್ಲಿ, ಎಂದರೆ ಬಾಗಿಲ ಕೀಲುಗಳ ಹಿಂದೆ, ಹಲಗೆ ಹಲಗೆಯ ಬೆಸುಗೆಯಲ್ಲಿ, ಕಂಬವು ಬೋದಿಗೆಯನ್ನು ಸೇರುವ ಸಂದಿನಲ್ಲಿ, ಹಳೆಯ ಪದರ ಉಳಿದಿರುವ ಸಂಭವ ಹೆಚ್ಚು. ಸಾಸಿವೆಯಷ್ಟು ಚೂರನ್ನು ಅಡ್ಡಲಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪದರಗಳ ಸರದಿ ತಿಳಿಯುತ್ತದೆ. ಮುಂದಿನ ಶುದ್ಧೀಕರಣಕ್ಕೆ ಕೈಹಾಕುವ ಮುನ್ನ ಈ ಕೆಲಸ ನಡೆಯಬೇಕು. ಒಮ್ಮೆ ಉಜ್ಜಿ ತೆಗೆದ ಪದರವನ್ನು ಮತ್ತೆ ಪರೀಕ್ಷಿಸಲಾಗದು.