ಅಭಾವಕಾಲದ ಅಡುಗೆಯ ಬರವಣಿಗೆ: ಚಾಂಪಿಯನ್ ರೀಫ್ಸ್‌ನಿಂದ ಒಂದು ವಿಮರ್ಶೆ

೨೦೨೦ನೆಯ ಇಸವಿ ಮಾರ್ಚಿ ೨೫ರಿಂದ ದೇಶಾದ್ಯಂತ ಜಾರಿಗೆ ಬಂದ ಲಾಕ್‌ಡೌನಿನ ತಿಂಗಳುಗಳಲ್ಲಿ ಅಡುಗೆಯನ್ನು ಕುರಿತು ಹುಟ್ಟಿದ ಬರವಣಿಗೆಯ ರಾಶಿ ಸಾಮಾನ್ಯವಾದುದಲ್ಲ. ಯೀಸ್ಟ್ ದೊರೆಯದಿದ್ದಾಗ ಮೊಸರು ಮತ್ತು ಸೋಡಾದಿಂದ ಹಿಟ್ಟನ್ನು ಉಬ್ಬಿಸುವ ವಿಧಾನ, ಮೊಟ್ಟೆಯಿಲ್ಲದ ಕೇಕು, ಬಿಸ್ಕತ್ತನ್ನು ಪುಡಿಮಾಡಿ ಹಾಲಿನಲ್ಲಿ ಕಲಸಿ ಬೇಯಿಸಿದ ಕೇಕು, ಕುಕ್ಕರಿನ ತಳದಲ್ಲಿ ಉಪ್ಪನ್ನು ಹರಡಿ ಗ್ಯಾಸ್ಕೆಟ್ಟನ್ನೂ ವೆಯ್ಟನ್ನೂ ತೆಗೆದಿಟ್ಟು ಅದನ್ನೇ ಓವನ್ನಿನಂತೆ ಬಳಸುವ ಕ್ರಮ, ಇವೆಲ್ಲ ಪತ್ರಿಕೆಗಳಲ್ಲಿಯೂ ಮೊಬೈಲ್ ಫೋನುಗಳಲ್ಲಿಯೂ ಮನೆಯಿಂದ ಮನೆಗೆ ಹರಿದುವು. ಮುಂದಿನ ಇತಿಹಾಸಕಾರನಿಗೆ ಆ ವರ್ಷದ ಗೃಹಜೀವನವನ್ನು ತಿಳಿಯಲು ಇದೇ ಅತ್ಯಂತ ಸುಲಭವಾಗಿ ಕೈಗೆ ಸಿಗುವ ಆಕರವಾದೀತು. ಆದಕಾರಣ ಇದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಈಗಲೇ ಪರೀಕ್ಷಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಈ ಬರವಣಿಗೆಯ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ರಾಜಶಾಸನಗಳಲ್ಲಿ ಒಲೆಯ ಮಾತು ಬರುವುದು ಅಪರೂಪ. ಹೆಂಗಸರ ಕೈಯ ಕೆಲಸ ದಾಖಲೆಗೆ ಸೇರುವುದು ಅದಕ್ಕಿಂತಲೂ ಅಪರೂಪ. ೧೯೧೮ರಲ್ಲಿ ಮಳೆಯೂ ಕೈಕೊಟ್ಟು, ಧಾನ್ಯದ ಬೆಲೆಯೂ ಏರಿ, ಇನ್‌ಫ್ಲುಯೆಂಜಾ ಜ್ವರ ಮೈಸೂರು ಸೀಮೆಯನ್ನು ವ್ಯಾಪಿಸಿದಾಗ ಸಾಮಾನ್ಯರ ಮನೆಗಳಲ್ಲಿ ಏನು ಬೇಯುತ್ತಿತ್ತೆಂಬುದನ್ನು ನಾವು ಇಂದು ಬಹುಮಟ್ಟಿಗೆ ಊಹಿಸಬೇಕಾಗಿದೆ. ೨೦೨೦ರ ವಿಷಯದಲ್ಲಿ ಅಂತಹ ಮೌನವಿಲ್ಲ. ಆದರೆ ಮಾತು ಹೆಚ್ಚಾದ ಮಾತ್ರಕ್ಕೆ ಸಾಕ್ಷ್ಯ ಪೂರ್ಣವಾಯಿತೆಂದು ತಿಳಿಯಲಾಗದು. ಈ ಬರವಣಿಗೆಯ ಬಹುಭಾಗ ಒಂದು ಪೂರ್ವಗ್ರಹದ ಮೇಲೆ ನಿಂತಿದೆ: ಅಭಾವವು ಎಲ್ಲರಿಗೂ ಒಂದೇ ಬಗೆಯಾಗಿತ್ತು, ಜಾಣ್ಮೆಯು ಅದನ್ನು ಗೆದ್ದಿತು ಎಂಬುದೇ ಅದು. ಈ ಎರಡು ಮಾತುಗಳೂ ವಿಮರ್ಶೆಗೆ ನಿಲ್ಲುವುದಿಲ್ಲ.

‘ಅಭಾವ’ ಎಂಬ ಒಂದೇ ಶಬ್ದದಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳು ಅಡಗಿವೆ. ವಸ್ತುವೇ ಇಲ್ಲದಿರುವುದು ಮೊದಲನೆಯದು. ವಸ್ತುವಿದ್ದೂ ಅದು ಬೇಕಾದ ರೂಪದಲ್ಲಿ ಬೇಕಾದ ಸ್ಥಳಕ್ಕೆ ಬಾರದಿರುವುದು ಎರಡನೆಯದು. ವಸ್ತು ಅಂಗಡಿಯಲ್ಲಿದ್ದರೂ ಕೊಳ್ಳುವವನ ಕೈಯಲ್ಲಿ ಹಣವಿಲ್ಲದಿರುವುದು ಮೂರನೆಯದು.

ಮೊದಲನೆಯದಕ್ಕೆ ನಿದರ್ಶನ ೧೯೪೨. ಆ ವರ್ಷದ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಗಿ, ದಕ್ಷಿಣ ಭಾರತವು ನೆಚ್ಚಿಕೊಂಡಿದ್ದ ಬರ್ಮಾ ಅಕ್ಕಿಯ ಆಮದು ನಿಂತುಹೋಯಿತು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ಆ ಯುದ್ಧಕಾಲದ ಅಕ್ಕಿಯ ಕೊರತೆಯಲ್ಲಿಯೇ ರವೆ ಇಡ್ಲಿಯನ್ನು ಕಂಡುಹಿಡಿದುದಾಗಿ ಹೇಳಿಕೊಂಡು ಬಂದಿದ್ದಾರೆ. ಇದು ಆ ಸಂಸ್ಥೆಯ ಸ್ವಂತ ಐತಿಹ್ಯವೆಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಹೇಳುವುದಾದರೂ, ಕಥೆ ಅಸಂಭವವಲ್ಲ. ಆದರೆ ಅಕ್ಕಿಯ ಬದಲು ರವೆಯನ್ನು ಹಿಡಿಯಬಲ್ಲವನು ರವೆಯನ್ನು ಕೊಳ್ಳಬಲ್ಲವನಾಗಿರಬೇಕಷ್ಟೆ. ಹೊಸ ತಿಂಡಿಯ ಕಥೆ ಉಳಿದಿದೆ. ಅಕ್ಕಿಯನ್ನೂ ರವೆಯನ್ನೂ ಕಾಣದವನ ಕಥೆ ಉಳಿದಿಲ್ಲ. ಅಭಾವಕಾಲದ ಅಡುಗೆಯ ಸಾಹಿತ್ಯವೆಲ್ಲಕ್ಕೂ ಅಂಟಿಕೊಂಡು ಬಂದ ದೋಷವಿದು.

ಎರಡನೆಯದಕ್ಕೆ ೨೦೨೦ರ ಇಂಗ್ಲೆಂಡು ಒಳ್ಳೆಯ ಉದಾಹರಣೆ. ಅಲ್ಲಿ ವಸಂತಮಾಸಗಳಲ್ಲಿ ಅಂಗಡಿಗಳಿಂದ ಮೈದಾಹಿಟ್ಟೂ ಯೀಸ್ಟೂ ಮಾಯವಾದುವು. ಗಿರಣಿಗಳಲ್ಲಿ ಹಿಟ್ಟಿಗೆ ಕೊರತೆಯಿರಲಿಲ್ಲ. ಅಲ್ಲಿ ಬೀಸುವ ಹಿಟ್ಟಿನಲ್ಲಿ ನೂರಕ್ಕೆ ಸುಮಾರು ೪ ಭಾಗ ಮಾತ್ರ ಅಂಗಡಿಗಳ ಮೂಲಕ ಸಣ್ಣ ಚೀಲಗಳಲ್ಲಿ ಮನೆಗಳಿಗೆ ಹೋಗುತ್ತಿತ್ತು. ಉಳಿದುದೆಲ್ಲ ಬೇಕರಿಗಳಿಗೂ ಕಾರ್ಖಾನೆಗಳಿಗೂ ಸಗಟಾಗಿ ಸಲ್ಲುತ್ತಿತ್ತು. ಮನೆಗಳೆಲ್ಲ ಒಮ್ಮೆಗೇ ಬ್ರೆಡ್ಡು ಮಾಡಹೊರಟಾಗ ಸಣ್ಣ ಚೀಲಕ್ಕೆ ತುಂಬುವ ಯಂತ್ರಗಳು ಸಾಲದೆ ಹೋದುವು. ಕೊರತೆಯಿದ್ದುದು ಚೀಲಕ್ಕೆ, ಗೋದಿಗಲ್ಲ. ನಮ್ಮ ಕೋಲಾರದಲ್ಲಿ ಇದರ ಮಗ್ಗುಲೊಂದನ್ನು ಕಂಡೆವು: ಪಟ್ಟಣಗಳ ಮನೆಗಳಲ್ಲಿ ತರಕಾರಿಗೆ ಪರದಾಟ, ಟೊಮೆಟೊ ಬೆಳೆದವನಿಗೆ ಕೊಳ್ಳುವವರಿಲ್ಲದೆ ಬೆಲೆಯ ಕುಸಿತ. ಯೀಸ್ಟಿಲ್ಲದ ಬ್ರೆಡ್ಡಿನ ಬರವಣಿಗೆಯೆಲ್ಲ ಈ ಎರಡನೆಯ ವರ್ಗಕ್ಕೆ ಸೇರಿದುದು. ಅದರ ಸತ್ಯವೂ ಅಷ್ಟಕ್ಕೇ ಸೀಮಿತವಾದುದು.

ಮೂರನೆಯದನ್ನು ತಿಳಿಯಲು ಚಾಂಪಿಯನ್ ರೀಫ್ಸ್‌ಗಿಂತ ಉತ್ತಮವಾದ ಸ್ಥಳ ಬೇಕಿಲ್ಲ. ಇಲ್ಲಿ ಮೊದಲಿನಿಂದಲೂ ಎರಡು ಬಗೆಯ ಅಡುಗೆಮನೆಗಳಿದ್ದುವು. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದ ಕಾಲದಲ್ಲಿ ಬಂದ ಯೂರೋಪಿಯನ್ನರ ಮತ್ತು ಆಂಗ್ಲೋ-ಇಂಡಿಯನ್ನರ ಬಂಗಲೆಗಳ ಅಡುಗೆಮನೆ ಒಂದು. ಶಿವನಸಮುದ್ರದ ವಿದ್ಯುಚ್ಛಕ್ತಿ ೧೯೦೨ರಲ್ಲಿಯೇ ಈ ಗಣಿಗಳಿಗೆ ಮುಟ್ಟಿತು. ಈ ಅಡುಗೆಮನೆಯ ಪ್ಲಮ್ ಕೇಕು, ಕಲ್‌ಕಲ್, ರೋಸ್ ಕುಕ್ಕಿ, ಬಾಲ್ ಕರಿ ಮೊದಲಾದುವನ್ನು ಕೆ.ಜಿ.ಎಫ್.ನಲ್ಲಿಯೇ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಅವರು ತಮ್ಮ ಪಾಕಗ್ರಂಥಗಳಲ್ಲಿ ಶ್ರದ್ಧೆಯಿಂದ ಸಂಗ್ರಹಿಸಿದ್ದಾರೆ. ಅವರ ಪರಿಶ್ರಮಕ್ಕೆ ಇತಿಹಾಸದ ವಿದ್ಯಾರ್ಥಿಗಳು ಋಣಿಗಳಾಗಿರಬೇಕು. ಬದಲಿ ಪದಾರ್ಥದ ಜಾಣ್ಮೆ ಈ ಪರಂಪರೆಗೆ ಹೊಸದೇನೂ ಅಲ್ಲ. ಯೀಸ್ಟಿನ ಬದಲು ಹೆಂಡದಿಂದ ಹಿಟ್ಟು ಹುದುಗಿಸುವುದು ಹಿಂದೆ ನಮ್ಮ ದೇಶದಲ್ಲಿ ವಾಡಿಕೆಯಾಗಿತ್ತು. ೧೮೭೮ರಲ್ಲಿ ಮದರಾಸಿನಲ್ಲಿ ‘ವೈವರ್ನ್’ ಎಂಬ ಹೆಸರಿನಿಂದ ಪಾಕಶಾಸ್ತ್ರವನ್ನು ಬರೆದ ಕೆನಿ-ಹರ್ಬರ್ಟನು ಮನೆಯ ಬ್ರೆಡ್ಡಿಗೆ ಬೇಕಿಂಗ್ ಪೌಡರನ್ನು ಶಿಫಾರಸು ಮಾಡಿದನು. ಲಾಕ್‌ಡೌನಿನಲ್ಲಿ ಹೊಸದೆಂದು ಮೆರೆದ ಎಷ್ಟೋ ಉಪಾಯಗಳು ಹಳೆಯವೇ.

ಗಣಿಕಾರ್ಮಿಕರ ಲೈನ್ ಮನೆಗಳದು ಇನ್ನೊಂದು ಅಡುಗೆಮನೆ. ಉತ್ತರ ಆರ್ಕಾಟು, ಚಿತ್ತೂರು ಮೊದಲಾದ ಕಡೆಗಳಿಂದ ಬಂದ ತಮಿಳು, ತೆಲುಗು ಭಾಷೆಗಳ ಈ ಜನರಲ್ಲಿ ಬಹುಮಂದಿ ದಲಿತರು. ಸುತ್ತಣ ಹಳ್ಳಿಗಳ ಒಕ್ಕಲಿಗನಿಗೂ ಇವರಿಗೂ ಒಂದು ಮುಖ್ಯವಾದ ವ್ಯತ್ಯಾಸವಿತ್ತು. ಒಕ್ಕಲಿಗನು ವರ್ಷಗಟ್ಟಲೆ ಕೆಡದೆ ಉಳಿಯುವ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದನು. ಬರ ಬಂದಾಗ ಬಾಯಿ ತೆರೆಸಿ ತೆಗೆಯುತ್ತಿದ್ದನು. ಲೈನ್ ಮನೆಗೆ ಹಗೇವಿಲ್ಲ. ಅಲ್ಲಿ ಕೂಲಿಯೇ ಹಗೇವು. ಕೂಲಿ ನಿಂತಿತೆಂದರೆ ಒಲೆಯೂ ನಿಂತಿತೆಂದೇ ಅರ್ಥ.

೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದ ಮೇಲೆ ಆ ಕೂಲಿ ರೈಲು ಹತ್ತಿತು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿನಲ್ಲಿಯೇ ಗಾಡಿ ಹಿಡಿದು, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಹಿಂದಿರುಗುವುದು ಸಾವಿರಾರು ಕುಟುಂಬಗಳ ಜೀವನಕ್ರಮವಾಯಿತು. ೨೦೨೦ರ ಮಾರ್ಚಿಯ ನಾಲ್ಕನೆಯ ವಾರದಲ್ಲಿ ಪ್ರಯಾಣಿಕರ ಗಾಡಿಗಳು ನಿಂತುವು. ಕೋಲಾರ ಜಿಲ್ಲೆಯಲ್ಲಿ ಮೇ ತಿಂಗಳ ಎರಡನೆಯ ವಾರದವರೆಗೆ ಸೋಂಕಿನ ಒಂದು ಪ್ರಕರಣವೂ ವರದಿಯಾಗಿರಲಿಲ್ಲ. ಎಂದರೆ, ರೋಗ ಬರುವುದಕ್ಕೆ ಏಳು ವಾರಗಳ ಮೊದಲೇ ಅದರ ಅಭಾವ ಬಂದು ಒಲೆಯ ಮುಂದೆ ಕುಳಿತಿತ್ತು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಬೇಕಾಗಿದೆ. ತರಗತಿಗಳು ಮತ್ತೆ ತೆರೆದಾಗ ನಾವು ವಿದ್ಯಾರ್ಥಿಗಳಿಗೆ ಲಾಕ್‌ಡೌನಿನ ಗೃಹಜೀವನವನ್ನು ಕುರಿತು ಬರೆದು ತರಲು ಹೇಳಿ, ‘ನಿಮ್ಮ ಮನೆಯಲ್ಲಿ ಯಾವ ಹೊಸ ತಿಂಡಿ ಮಾಡಿದಿರಿ?’ ಎಂಬುದನ್ನು ಮೊದಲನೆಯ ಪ್ರಶ್ನೆಯಾಗಿ ಇಟ್ಟಿದ್ದೆವು. ಹಲವರು ಕೇಕಿನ ವಿಧಾನವನ್ನು ಬರೆದು ತಂದರು. ಲೈನ್ ಮನೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಒಂದೇ ಸಾಲು ಬರೆದಿದ್ದಳು: ಹೊಸದೇನೂ ಮಾಡಲಿಲ್ಲ ಸಾರ್, ಮೂರು ಹೊತ್ತಿನ ಊಟ ಎರಡು ಹೊತ್ತಾಯಿತು. ನಮ್ಮ ಪ್ರಶ್ನೆಯಲ್ಲಿಯೇ ಆ ಪೂರ್ವಗ್ರಹ ಅಡಗಿತ್ತೆಂಬುದು ಆಗ ನಮಗೆ ಹೊಳೆಯಿತು. ಆಕರಗಳು ಮೌನವಾಗಿವೆಯೆಂದು ನಾವು ದೂರುವುದುಂಟು. ಎಷ್ಟೋ ವೇಳೆ ಮೌನವನ್ನು ಕೇಳಿ ಪಡೆಯುವವರು ನಾವೇ.

ಆ ದಿನಗಳಲ್ಲಿ ದೇಶದಲ್ಲಿ ಧಾನ್ಯವಿರಲಿಲ್ಲವೆ? ೨೦೨೦ರ ಏಪ್ರಿಲ್ ಮೊದಲಿನಲ್ಲಿ ಸರಕಾರದ ದಾಸ್ತಾನಿನಲ್ಲಿ ಐದು ಕೋಟಿ ಟನ್ನಿಗೂ ಮಿಕ್ಕಿ ಅಕ್ಕಿ, ಗೋದಿ ಇದ್ದುವು. ಬರಗಾಲವೆಂಬುದು ಆಹಾರವಿಲ್ಲದ ಸ್ಥಿತಿಯಲ್ಲ, ಆಹಾರದ ಮೇಲೆ ಕೆಲವರಿಗೆ ಹಕ್ಕಿಲ್ಲದ ಸ್ಥಿತಿ ಎಂದು ಅಮರ್ತ್ಯ ಸೇನರು ೧೯೮೧ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟ ತತ್ತ್ವ ಇಲ್ಲಿಯೂ ಅನ್ವಯಿಸುತ್ತದೆ. ಆ ಏಪ್ರಿಲಿನಿಂದ ಪಡಿತರ ಚೀಟಿಯವರಿಗೆ ತಲೆಗೆ ೫ ಕಿಲೋ ಧಾನ್ಯ, ಕುಟುಂಬಕ್ಕೆ ೧ ಕಿಲೋ ಬೇಳೆ ಹೆಚ್ಚುವರಿಯಾಗಿ, ಉಚಿತವಾಗಿ ಸಲ್ಲಬೇಕೆಂದು ಕೇಂದ್ರ ಸರಕಾರ ಗೊತ್ತುಮಾಡಿತು. ಅದರಿಂದ ಅನೇಕ ಒಲೆಗಳು ಉರಿದುವೆಂಬುದು ನಿರ್ವಿವಾದ. ಆದರೆ ಅಕ್ಕಿಯೊಂದರಿಂದ ಸಾರಾಗದು. ಎಣ್ಣೆ, ಹುಣಿಸೆ, ಮೆಣಸಿನಕಾಯಿ, ಅಡುಗೆಯ ಅನಿಲ, ಇವಕ್ಕೆ ರೊಕ್ಕವೇ ಬೇಕು.

ಹಾಗಾದರೆ ಕೇಕು ಬೇಯಿಸಿದವರ ಸಂತೋಷಕ್ಕೆ ಚರಿತ್ರೆಯಲ್ಲಿ ಸ್ಥಾನವಿಲ್ಲವೇ ಎಂದು ವಾಚಕರು ಕೇಳಬಹುದು. ಇದೆ. ಭಯದ ದಿನಗಳಲ್ಲಿ ಮಕ್ಕಳ ಮುಂದೆ ಒಂದು ಸಿಹಿಯನ್ನಿಟ್ಟ ತಾಯಿಯ ಶ್ರಮವನ್ನು ಹಗುರವಾಗಿ ಕಾಣುವುದು ವಿಮರ್ಶೆಯಲ್ಲ, ಅಹಂಕಾರ. ಅದೇ ಕುಕ್ಕರಿನ ಕೇಕು ಕೆಲಸ ಕಳೆದುಕೊಂಡ ಕೆಲವರಿಗೆ ಮಾರಿ ಬದುಕುವ ಮಾರ್ಗವೂ ಆಯಿತು. ನಮ್ಮ ಆಕ್ಷೇಪಣೆ ಕೇಕಿನ ಮೇಲಲ್ಲ. ಎರಡನೆಯ ಬಗೆಯ ಅಭಾವದ ಬರವಣಿಗೆ ಮೂರನೆಯ ಬಗೆಯ ಅಭಾವಕ್ಕೂ ಸಾಕ್ಷಿಯಾಗಿ ನಿಲ್ಲುತ್ತಿರುವುದರ ಮೇಲೆ. ಪಾಕವಿಧಾನವು ಇದ್ದ ಪದಾರ್ಥಗಳ ಪಟ್ಟಿ. ಇಲ್ಲದಿದ್ದುದರ ಪಟ್ಟಿಯನ್ನು ಬೇರೆ ಕಡೆಯೇ ಹುಡುಕಬೇಕು.

ಆ ಬೇರೆ ಕಡೆ ದೂರವೇನೂ ಇಲ್ಲ. ದಿನಸಿ ಅಂಗಡಿಯ ಉದ್ರಿ ಪುಸ್ತಕ, ನ್ಯಾಯಬೆಲೆ ಅಂಗಡಿಯ ಲೆಕ್ಕ, ಗಿರವಿಯ ಚೀಟಿ, ರೈಲಿನ ತಿಂಗಳ ಪಾಸು, ಇವೆಲ್ಲ ಚಾಂಪಿಯನ್ ರೀಫ್ಸ್‌ನ ಮನೆಗಳಲ್ಲಿ ಇನ್ನೂ ದೊರೆಯಬಹುದಾದ ಆಕರಗಳು. ಇಂತಹ ಕಾಗದಗಳ ಆಯುಸ್ಸಾದರೋ ಅಲ್ಪ. ನಮ್ಮ ವಿದ್ಯಾರ್ಥಿಗಳು ಪಾಕವಿಧಾನಗಳ ಜೊತೆಗೆ ಇವನ್ನೂ, ಮನೆಯವರ ಒಪ್ಪಿಗೆ ಪಡೆದು, ಅವರ ಹೆಸರುಗಳನ್ನು ಕಾಪಾಡಿ, ನಕಲು ಮಾಡಿಕೊಳ್ಳುವುದು ಅಗತ್ಯ. ಕೇಳುವ ಮೊದಲನೆಯ ಪ್ರಶ್ನೆಯನ್ನೂ ಬದಲಿಸಬೇಕು. ಏನು ಮಾಡಿದಿರಿ ಎಂಬುದಕ್ಕೆ ಮುಂಚೆ, ಏನನ್ನು ಬಿಟ್ಟಿರಿ, ಯಾರು ಬಿಟ್ಟರು ಎಂದು ಕೇಳಬೇಕು. ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರೆಂಬುದು ನಮಗೆಲ್ಲರಿಗೂ ತಿಳಿದೇ ಇದೆ.